ಸೆಮಿಸ್ಟರ್ ಫೀಡ್‌ಬ್ಯಾಕ್: 58 ಜನರಲ್ಲಿ 14 ಉತ್ತರ, ಎಲ್ಲಾ ಐದಕ್ಕೆ ಐದು

ಹಾಜರಿಪುಸ್ತಕ
ಬಿ.ಕಾಂ. ಮೂರನೇ ಸೆಮಿಸ್ಟರ್, ಸೆಕ್ಷನ್‌ನಲ್ಲಿ 58 ವಿದ್ಯಾರ್ಥಿಗಳು. ಪಾಠದ ಬಗ್ಗೆ ಅಭಿಪ್ರಾಯ ಕೇಳುವ ಗೂಗಲ್ ಫಾರ್ಮ್ ಲಿಂಕನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಬಂದದ್ದು 14 ಉತ್ತರ. ಇರುವ 22 ಪ್ರಶ್ನೆಗೂ ಬಹುತೇಕ ಎಲ್ಲರೂ 5 ಒತ್ತಿದ್ದಾರೆ. ಸಲಹೆ ಕಾಲಮ್ಮಿನಲ್ಲಿ ‘ಗುಡ್’, ‘ನಥಿಂಗ್’, ಇಲ್ಲವೇ ಬರೀ ಒಂದು ಚುಕ್ಕೆ. ಎರಡು ಸಲ ತುಂಬಬಾರದು ಅಂತ ರಿಜಿಸ್ಟರ್ ನಂಬರ್ ಕಡ್ಡಾಯ ಮಾಡಿದ್ದೇವೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ, ಕನ್ನಡಕ್ಕೆ ತರಬೇಕೆ? ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಫೈಲಿಗೂ ಆಗಬೇಕು, ಪಾಠಕ್ಕೂ ಉಪಯೋಗಕ್ಕೆ ಬರಬೇಕು.

ಬಿಳಿಚೀಟಿ
ರಿಜಿಸ್ಟರ್ ನಂಬರ್ ಕೇಳಿ, ಇಂಟರ್ನಲ್ ಮಾರ್ಕ್ಸನ್ನೂ ನಿಮ್ಮ ಕೈಯಲ್ಲೇ ಇಟ್ಟುಕೊಂಡರೆ ಯಾರು ಸರ್ 3 ಒತ್ತುತ್ತಾರೆ? ಮೊದಲು ಅದನ್ನು ತೆಗೆಯಿರಿ.

ಫಾರ್ಮಿನ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಸಂಗ್ರಹ ಆಫ್ ಇರಲಿ, ‘ಲಿಮಿಟ್ ಟು 1 ರೆಸ್ಪಾನ್ಸ್’ ಆನ್ ಇರಲಿ. ಸೈನ್ ಇನ್ ಕೇಳುತ್ತದೆ, ಆದರೆ ಇಮೇಲ್ ನಿಮಗೆ ಕಾಣುವುದಿಲ್ಲ. ತೊಂದರೆ ಏನೆಂದರೆ, ಪರದೆಯ ಮೇಲೆ ತಮ್ಮ ಜಿಮೇಲ್ ವಿಳಾಸ ಕಂಡ ಕೂಡಲೇ ಮಕ್ಕಳು ‘ಹೆಸರು ಹೋಯ್ತು’ ಅಂದುಕೊಳ್ಳುತ್ತಾರೆ. ಎರಡು ಅಕೌಂಟ್ ಇದ್ದವರು ಎರಡು ಸಲ ತುಂಬಬಹುದು ಕೂಡ. ಇದಕ್ಕಿಂತ ಚೀಟಿ ವಾಸಿ: 58 ಬೇರೆ ಬೇರೆ ಕೋಡ್ ಪ್ರಿಂಟ್ ಮಾಡಿ, ಮಡಚಿ, ಡಬ್ಬಿಯಲ್ಲಿ ಕಲಸಿ, ಒಬ್ಬೊಬ್ಬರೂ ಒಂದು ಎತ್ತಿಕೊಳ್ಳಲಿ. ಫಾರ್ಮಿನ ಮೊದಲ ಪ್ರಶ್ನೆಯೇ ಆ ಕೋಡ್. ಒಂದೇ ಕೋಡ್ ಎರಡು ಸಲ ಬಂದರೆ ಎರಡನೆಯದನ್ನು ಬಿಡಿ. ಯಾವ ಚೀಟಿ ಯಾರಿಗೆ ಹೋಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ, ಅದು ಮಕ್ಕಳ ಕಣ್ಣೆದುರೇ ಆಗುತ್ತದೆ.

ವಾಟ್ಸಾಪ್ ಬೇಡ. ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಕೊಡಿ, ಬೋರ್ಡಿನ ಮೇಲೆ ಕ್ಯೂಆರ್ ಕೋಡ್ ಹಾಕಿ, ಪಾಠ ಮಾಡುವವರು ಹೊರಗೆ ಹೋಗಿ, ಬೇರೆ ವಿಭಾಗದವರು ನಿಂತುಕೊಳ್ಳಲಿ. ಕೊನೆಯ ಹತ್ತು ನಿಮಿಷ ಇಟ್ಟರೆ ಬಸ್ಸಿಗೆ ಓಡುವ ಆತುರದಲ್ಲಿ ಮತ್ತೆ ಐದೈದೇ. ಮೊಬೈಲ್ ತರದವರಿಗೆ ಹಾಳೆ ಇರಲಿ.

ಶೀಟಿನಲ್ಲಿ ಉತ್ತರ ಬಂದ ಸಮಯದ ಕಾಲಮ್ ಇರುತ್ತದೆ. ಯಾರಿಗಾದರೂ ಕಳಿಸುವ ಮುಂಚೆ ಅದನ್ನೂ ಕೋಡ್ ಕಾಲಮ್ಮನ್ನೂ ಅಳಿಸಿ.

ಒತ್ತಕ್ಷರ
ಕನ್ನಡಕ್ಕೆ ತನ್ನಿ, ಆದರೆ ‘ಪಠ್ಯವಸ್ತುವಿನ ಪ್ರಸ್ತುತತೆ’ ಥರದ ಕನ್ನಡಕ್ಕಲ್ಲ. ಅದಕ್ಕಿಂತ ಇಂಗ್ಲಿಷೇ ಸುಲಭ. ನಾಲ್ಕೈದು ವಿದ್ಯಾರ್ಥಿಗಳಿಗೆ ಪ್ರಶ್ನೆ ಗಟ್ಟಿಯಾಗಿ ಓದಿಸಿ, ‘ಇಲ್ಲಿ ಏನು ಕೇಳಿದೆ?’ ಅನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.

22 ಪ್ರಶ್ನೆ ಯಾರೂ ಓದುವುದಿಲ್ಲ, 7–8 ಸಾಕು. ‘ಉಪನ್ಯಾಸಕರಿಗೆ ವಿಷಯಜ್ಞಾನ ಇದೆಯೇ?’ ಅನ್ನುವುದನ್ನು ಮೂರನೇ ಸೆಮಿಸ್ಟರಿನವರು ಹೇಗೆ ಅಳೆಯಬೇಕು? ಅವರು ಕಣ್ಣಾರೆ ಕಂಡದ್ದನ್ನು ಕೇಳಿ: ‘ಟೆಸ್ಟ್ ಪೇಪರ್ ತಿದ್ದಿ ಯಾವಾಗ ಕೊಟ್ಟರು? ವಾರದೊಳಗೆ / ಎರಡು ವಾರದೊಳಗೆ / ಆಮೇಲೆ / ಕೊಡಲೇ ಇಲ್ಲ’. ‘ಸ್ಪಷ್ಟವಾಗಿ ಮತ್ತು ಸಮಯಕ್ಕೆ ಸರಿಯಾಗಿ’ ಅಂತ ಎರಡನ್ನು ಒಂದರಲ್ಲಿ ಕಟ್ಟಬೇಡಿ. ಪಾಠದ ವೇಗಕ್ಕೆ 1–5 ಅಂಕವೇ ತಪ್ಪು. ಅಲ್ಲಿ ನಡುವಿನದೇ ಒಳ್ಳೆಯ ಉತ್ತರ. ‘ನಿಧಾನ / ಸರಿಯಾಗಿದೆ / ಜೋರು’ ಅಂತಿಡಿ.

ಕಣ್ಣುಮುಚ್ಚಿ ಐದು ಒತ್ತುವವರನ್ನು ಹಿಡಿಯಲು ಉಲ್ಟಾ ಪ್ರಶ್ನೆ ಹಾಕಿ ಎನ್ನುವವರಿದ್ದಾರೆ. ಕನ್ನಡದಲ್ಲಿ ಅದು ಕೈಕೊಡುತ್ತದೆ. ‘ಉದಾಹರಣೆ ಕೊಡುವುದಿಲ್ಲ’ ಎಂಬುದಕ್ಕೆ ‘ಇಲ್ಲ’ ಅಂದರೆ ಕೊಡುವುದಿಲ್ಲ ಅಂತಲೋ, ಹೇಳಿಕೆ ತಪ್ಪು ಅಂತಲೋ?

ಸಲಹೆ ಕಾಲಮ್ ತೆಗೆದು, ‘ಯಾವ ಯೂನಿಟ್ ಮತ್ತೊಮ್ಮೆ ಹೇಳಿಸಿಕೊಳ್ಳಬೇಕು ಅನ್ನಿಸಿತು? ಏಕೆ?’ ಅಂತ ಕೇಳಿ ನೋಡಿ. ಚುಕ್ಕೆ ಕಡಿಮೆಯಾಗುತ್ತದೆ.

ಮೂರನೇಬೆಂಚು
ಸೆಮಿಸ್ಟರ್ ಮುಗಿದ ಮೇಲೆ ಕೇಳಿದರೆ ಉತ್ತರಿಸಿದವರಿಗೇನು ಲಾಭ? ಐದು-ಆರನೇ ವಾರದಲ್ಲಿ ಅರ್ಧ ಹಾಳೆ ಕೊಟ್ಟು ಎರಡೇ ಪ್ರಶ್ನೆ ಕೇಳಿ: ಏನು ನೆರವಾಗುತ್ತಿದೆ, ಏನು ಬದಲಾಗಬೇಕು. ನಾಲ್ಕೈದು ಜನ ಸೇರಿ ಒಂದೇ ಹಾಳೆ ಬರೆದರೆ ಕೈಬರಹದ ಭಯವೂ ಇಲ್ಲ. ಮುಂದಿನ ತರಗತಿಯಲ್ಲೇ ಎರಡು ಬದಲಾವಣೆ ಹೇಳಿ, ಆಗದ ಒಂದನ್ನು ಏಕೆ ಆಗದು ಅಂತ ಹೇಳಿ. ಈ ಭಾಗ ಬಿಟ್ಟರೆ ಮುಂದಿನ ಸಲ 14 ಕೂಡ ಬರುವುದಿಲ್ಲ.

ಅಂಕದ ಮಾತು: 14 ಉತ್ತರದಲ್ಲಿ ಒಬ್ಬರು 5ರ ಬದಲು 1 ಒತ್ತಿದರೆ ಸರಾಸರಿ 0.29 ಇಳಿಯುತ್ತದೆ. ಹಾಗಿರುವಾಗ 4.3 ಬಂದವರಿಗಿಂತ 4.5 ಬಂದವರು ಮೇಲು ಅಂತ ಪಟ್ಟಿ ಮಾಡುವುದು ನಗೆಪಾಟಲು. ಎಷ್ಟು ಜನ 5, ಎಷ್ಟು ಜನ 2 ಅಂತ ಎಣಿಕೆ ಕೊಡಿ, ಪಕ್ಕದಲ್ಲಿ ‘58ರಲ್ಲಿ 14’ ಎಂದು ಬರೆಯಿರಿ. ಕೆನಡಾದ ರೈರ್ಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2018ರ ಮಧ್ಯಸ್ಥಿಕೆ ತೀರ್ಪು, ಬಡ್ತಿಗೂ ಸೇವೆ ಕಾಯಂಗೂ ಬೋಧನೆಯ ಗುಣ ಅಳೆಯಲು ಇಂಥ ಅಂಕ ಬಳಸಕೂಡದು ಎಂದೇ ಹೇಳಿತು.

ಹಾಜರಿಪುಸ್ತಕ
ಎಲ್ಲರಿಗೂ ಥ್ಯಾಂಕ್ಸ್. ಚೀಟಿ ಉಪಾಯ ಹಿಡಿಸಿತು. ಕಾಲೇಜುಗಳಿಗೆ ಮಾನ್ಯತೆ, ಗ್ರೇಡ್ ಕೊಡುವ ನ್ಯಾಕ್‌ನ ಸ್ಟೂಡೆಂಟ್ ಸ್ಯಾಟಿಸ್‌ಫ್ಯಾಕ್ಷನ್ ಸರ್ವೆಗೂ (ವಿದ್ಯಾರ್ಥಿ ತೃಪ್ತಿ ಸಮೀಕ್ಷೆ) ಇದೇ ಉತ್ತರ ತೋರಿಸಬಹುದೇ?

ಬಿಳಿಚೀಟಿ
ಇಲ್ಲ, ಅದು ಬೇರೆ. ಅದರ 21 ಪ್ರಶ್ನೆ ನ್ಯಾಕ್‌ನದೇ, ಕೊನೆಯದು ಮಾತ್ರ ಬರೆದು ಉತ್ತರಿಸುವಂಥದ್ದು. ವಿದ್ಯಾರ್ಥಿಗಳ ಇಮೇಲಿಗೆ ಅವರೇ ಕಳಿಸುತ್ತಾರೆ. ಅಡ್ಮಿಷನ್ ಫಾರ್ಮಿನಲ್ಲಿ ಸೈಬರ್ ಸೆಂಟರಿನವರು ತುಂಬಿದ ಇಮೇಲ್ ಇದ್ದರೆ ಆ ಮೇಲ್ ಮಕ್ಕಳ ಕೈಗೆ ಸಿಗುವುದೇ ಇಲ್ಲ, ಅದನ್ನು ಈಗಲೇ ಸರಿಪಡಿಸಿ. ನಿಮ್ಮ ಫೀಡ್‌ಬ್ಯಾಕ್ ಫೈಲಿಗೆ ಖಾಲಿ ಫಾರ್ಮ್, ವಿಶ್ಲೇಷಣೆ, ಸಭೆಯ ನಡಾವಳಿ, ತೆಗೆದುಕೊಂಡ ಕ್ರಮದ ವರದಿ, ಇವಿಷ್ಟು ಇರಲಿ. ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯದೆ, ‘ಎರಡನೇ ಯೂನಿಟ್‌ಗೆ 3 ಹೆಚ್ಚುವರಿ ತರಗತಿ’ ಎಂದು ದಿನಾಂಕ ಸಮೇತ ಬರೆಯಿರಿ.