ಅಪ್‌ಡೇಟ್: ಮಳೆಗಾಲದಲ್ಲಿ ಆರ್‌ಸಿ ಟ್ರಕ್

ಉಡುಪಿಯ ಮಳೆಯಲ್ಲಿ, ಮನೆ ಹತ್ತಿರದ ಹಡಿಲು ಗದ್ದೆಯ ಕೆಸರಲ್ಲಿ ಬ್ಯಾಟರಿ ಆರ್‌ಸಿ ಟ್ರಕ್ (ರಿಮೋಟಲ್ಲಿ ಓಡಿಸುವ ಚಿಕ್ಕ ಗಾಡಿ) ಓಡಿಸಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಚೆನ್ನಾಗಿ ಓಡುತ್ತಿದೆ.

ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರನ್ನು ರಬ್ಬರ್ ಸೀಲ್ ಇರುವ ಡಬ್ಬಿಯೊಳಗೆ ಹಾಕಿ, ವೈರ್ ಹೊರಬರುವ ಕಡೆ ಸಿಲಿಕೋನ್ ಗ್ರೀಸ್ ಮೆತ್ತಿದೆ. ಮೋಟರಿನ ಸ್ಪೀಡ್ ನಿಯಂತ್ರಿಸುವ ಇಎಸ್‌ಸಿ, ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಸರ್ವೋ ಎರಡೂ ವಾಟರ್‌ಪ್ರೂಫ್. ಮೋಟರ್ ಸೆನ್ಸರ್ ಇಲ್ಲದ ಬ್ರಶ್‌ಲೆಸ್ (ಒಳಗೆ ಉಜ್ಜುವ ಬ್ರಶ್ ಇಲ್ಲದ್ದು), ಅದಕ್ಕೆ ನೀರಿನ ಭಯ ಕಡಿಮೆ. ಆದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ನನಗೆ ಜಾಸ್ತಿ ಉಪಯೋಗ ಆದದ್ದು ಮೋಟರ್ ಬಿಸಿಯಾಗುವ ಬಗ್ಗೆ ನೀವು ಹೇಳಿದ ಮಾತು. ಮೋಟರಿಗೆ ನೀರಿಗಿಂತ ಕೆಸರೇ ಕಷ್ಟ, ಅಲ್ವಾ? ನಮ್ಮ ಕೆಂಪು ಮುರಕಲ್ಲು ಮಣ್ಣು ಚಕ್ರಕ್ಕೆ ಅಂಟಿಕೊಂಡರೆ ತೂಕ ಏರಿ ಮೋಟರ್ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ. ಅದಕ್ಕೇ ಚಿಕ್ಕ ಪಿನಿಯನ್ (ಮೋಟರಿನ ತುದಿಯ ಹಲ್ಲುಚಕ್ರ) ಹಾಕಿದೆ. ಸ್ಪೀಡ್ ಸ್ವಲ್ಪ ಇಳಿಯಿತು, ಬಿಸಿ ಎಷ್ಟೋ ಕಡಿಮೆಯಾಯಿತು. ಗಾಡಿ ಹೂತುಹೋದರೆ ಸುಮ್ನೆ ಥ್ರಾಟಲ್ ಒತ್ತದೆ ಕೈಯಲ್ಲೇ ಎತ್ತುತ್ತೇನೆ. ಲಿಪೊ ಬ್ಯಾಟರಿ ತೀರಾ ಖಾಲಿಯಾಗದಂತೆ ಮೋಟರ್ ನಿಲ್ಲಿಸುವ ಕಟ್‌ಆಫ್ ಸೆಲ್‌ಗೆ 3.2 ವೋಲ್ಟ್ ಇಟ್ಟಿದ್ದೇನೆ.

ಓಡಿಸಿ ಮುಗಿದ ಕೂಡಲೇ ಬ್ಯಾಟರಿ ಹೊರಗೆ. ಆಮೇಲೆ ಬಾವಿ ನೀರಲ್ಲಿ ಮೆಲ್ಲಗೆ ತೊಳೆದು, ಫ್ಯಾನ್ ಕೆಳಗೆ ಒಣಗಿಸಿ, ಬೇರಿಂಗ್‌ಗೆ ಎಣ್ಣೆ.

ಮಲ್ಪೆ ಬೀಚ್ ಬಗ್ಗೆ ಕೇಳಿದವರಿಗೆ: ಅಲೆಗೆ ಇಳಿಸಲೇಬೇಡಿ. ಉಪ್ಪುನೀರು ಕನೆಕ್ಟರ್, ಸ್ಕ್ರೂ ಎಲ್ಲವನ್ನೂ ತಿನ್ನುತ್ತದೆ. ವಾಟರ್‌ಪ್ರೂಫ್ ಅಂತ ಬರೆದಿದ್ದರೂ ಅಷ್ಟೇ.