11 ಸಾವಿರ ಫಾಲೋವರ್ಸ್ ಅದಾರ, ಆರ್ಡರ್ ಒಂದೂ ಇಲ್ಲ. ಬಿದ್ರಿ ಅಕೌಂಟ್ ಹ್ಯಾಂಗ ಸುಧಾರಿಸ್ಬೇಕು?

ಚಿದ್ರಿ_ಅಕ್ಕ (ಬೀದರ್):
ಮನಿಯವರ ಬಿದ್ರಿ ಕೆಲಸಕ್ಕಂತ (ಕರಿ ಲೋಹದ ಪಾತ್ರಿ ಮ್ಯಾಲ ಬೆಳ್ಳಿ ಕೂಡಿಸೋ ಕೆಲಸ) ತೆರೆದ ಇನ್‌ಸ್ಟಾಗ್ರಾಂ ತಮ್ಮ ನಡಸ್ತಾನ. ಡಿಪಿಯಾಗ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಗಾಡಿ ಮ್ಯಾಲ ಕುಂತಾನ, ಹಿಂದ ಬೀದರ್ ಕೋಟಿ (ಕೋಟೆ). ಬಯೋದಾಗ ‘ಬೀದರ್ ಹುಲಿ’, ಮೂರು ಕಿರೀಟ, ಎರಡು ಬೆಂಕಿ. ಗಾಡಿ ರೀಲ್‌ಗೆ ಲೈಕ್ ಸುರೀತಾವ, ಹೂಜಿ ಫೋಟೋ ಹಾಕಿದ್ರ ‘ರೇಟ್ ಎಷ್ಟ್ರಿ’ ಅಂತ ಕೇಳೋರು ಒಬ್ಬರೂ ಇಲ್ಲ. ತಮ್ಮಗ ಬ್ಯಾಸರ ಆಗಬಾರದು, ಆರ್ಡರೂ ಬರಬೇಕು. ಎಲ್ಲಿಂದ ಶುರು ಮಾಡ್ಲಿ?

ಗಂಜ್‌ಕಡಿಯವ (ಕಲಬುರಗಿ):
ಅಕ್ಕಾರ, ಆ ಅಕೌಂಟ್ ತಮ್ಮನಿಗೇ ಬಿಟ್ಟುಬಿಡಿ. ಗಾಡಿ ನೋಡಕ್ಕೆ ಬಂದವರು ಹೂಜಿ ಕಂಡ ಕೂಡಲೇ ಮೇಲೆ ಸರಿಸ್ತಾರೆ. ಸರಿಸಿದಷ್ಟೂ ಆ ಪೋಸ್ಟ್ ಹೊಸಬರಿಗೆ ಹೋಗೋದು ಕಡಿಮೆ ಆಗ್ತದೆ. ಕೆಲಸಕ್ಕೆ ಬೇರೆ ಅಕೌಂಟ್ ತೆರೆದು, ಹಳೆಯದರ ಬಯೋದಲ್ಲಿ ಅದರ ಲಿಂಕ್ ಕೊಡಿ. ಒಂದು ಬಯೋದಲ್ಲಿ 5 ಲಿಂಕ್‌ವರೆಗೆ ಇಡಬಹುದು. ಹುಲಿಗೂ ಮರ್ಯಾದೆ ಉಳೀತದೆ.

ಹೊಸದರಲ್ಲಿ ಡಿಪಿಗಿಂತ ಮೊದಲು ‘ಹೆಸರು’ ಅನ್ನೋ ಜಾಗ ನೋಡಿ. ಸರ್ಚ್ ಮುಖ್ಯವಾಗಿ ಹುಡುಕೋದು ಯೂಸರ್‌ನೇಮ್ ಮತ್ತು ಈ ಹೆಸರನ್ನು. ಅಲ್ಲಿ ‘ಬಿದ್ರಿ’ ಕನ್ನಡದಲ್ಲೂ ಇರಲಿ, ಇಂಗ್ಲಿಷ್‌ನಲ್ಲೂ ಇರಲಿ, ಊರ ಹೊರಗಿನ ಗಿರಾಕಿ ಇಂಗ್ಲಿಷ್‌ನಲ್ಲೇ ಹೊಡೆಯೋದು. 14 ದಿನದಲ್ಲಿ ಎರಡೇ ಸಲ ಬದಲಿಸಕ್ಕೆ ಬರೋದು, ಅದಕ್ಕೆ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಹಾಕಿ.

ಬಯೋಗೆ 150 ಅಕ್ಷರ. ಕನ್ನಡದಲ್ಲಿ ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ‘ಬಿದ್ರಿ’ ಕಣ್ಣಿಗೆ ಎರಡಕ್ಷರ, ಲೆಕ್ಕಕ್ಕೆ ಆರು. ಹಿಂಗೆ ಸಾಕು: ‘ಬಿದ್ರಿ ಹೂಜಿ, ತಟ್ಟೆ, ಕಿವಿಯೋಲೆ. ಬೀದರಿನ ಕೈಕೆಲಸ. ಕೊರಿಯರ್ ಕಳಿಸ್ತೀವಿ. ರೇಟ್‌ಗೆ ವಾಟ್ಸಾಪ್.’

ಬಿದ್ರಿಗೆ 2006ರಿಂದ ಜಿಐ ಟ್ಯಾಗ್ (ಆ ಊರಿನದೇ ವಸ್ತು ಅನ್ನೋ ಕಾನೂನಿನ ಗುರುತು) ಇದೆ, ಆದರೆ ಅಧಿಕೃತ ಬಳಕೆದಾರರ ನೋಂದಣಿಯಲ್ಲಿ ನಿಮ್ಮ ಹೆಸರಿಲ್ಲದೆ ಆ ಲೋಗೋ ಹಾಕಬೇಡಿ.

ಕರಿಮಣ್ಣು (ಬೀದರ್):
ಫೋಟೋ ಬಗ್ಗಿ ಯಾರೂ ಮಾತಾಡಿಲ್ಲ, ಅಸಲಿ ತಪ್ಪು ಅಲ್ಲೇ ಅದ. ಬಿದ್ರಿ ಕರ‍್ರಗಿರ್ತದ, ಬೆಳ್ಳಿ ಎಳಿ ಮಿಂಚ್ತದ. ಫೋನ್ ಕರಿ ಬಣ್ಣ ಕಂಡ್ರ ಕತ್ತಲ ಅಂತ ತಿಳಕೊಂಡು ಬೆಳಕು ಏರಿಸ್ತದ. ಕಪ್ಪು ಬೂದಿ ಆಗ್ತದ, ಬೆಳ್ಳಿ ಬಿಳಿ ಮಚ್ಚಿ ಆಗ್ತದ. ಪರದೆಯಾಗ ಆ ಕಪ್ಪಿನ ಮ್ಯಾಲ ಬೆರಳಿಟ್ಟು, ಪಕ್ಕದಾಗ ಬರೋ ಸೂರ್ಯನ ಗುರುತು ಕೆಳಗ ಎಳೀರಿ, ಕಪ್ಪು ಕಪ್ಪಾಗೋ ತನಕ. ಫ್ಲ್ಯಾಶ್ ಬ್ಯಾಡ. ಕಿಟಕಿ ಒಂದ ಬದಿಗಿರಲಿ, ಎದುರು ಬದಿಗೆ ಬಿಳಿ ಡ್ರಾಯಿಂಗ್ ಶೀಟ್ ನಿಲ್ಲಸ್ರಿ. ತೆಗಿಯೋ ಮೊದಲ ಎಣ್ಣಿ ಬಟ್ಟಿಲೆ ಒರಸ್ರಿ, ಬೆರಳ ಗುರುತು ಭಾಳ ಕಾಣ್ತದ. ಬ್ಯೂಟಿ ಫಿಲ್ಟರ್ ಬಂದ್ ಮಾಡ್ರಿ, ಅದು ಮಾರಿ ನುಣ್ಣಗ ಮಾಡ್ದಂಗ ತಂತಿ ಕೆಲಸನೂ ಅಳಿಸಿಬಿಡ್ತದ.

ಇನ್ನ ರೀಲ್. ಮಂದಿ ಕಣ್ಣು ಕಟ್ಟಿ ಹಾಕಾಕ ಗಾಡಿ ಯಾಕ ಬೇಕ್ರಿ? ತಿಕ್ಕಿ ಪಾಲಿಶ್ ಮಾಡಿದ ಪಾತ್ರಿ ಪೂರಾ ಬೆಳ್ಳಗಿರ್ತದ, ಬೆಳ್ಳಿ ಯಾವುದು, ಜಸ್ತ (ಸತು) ಯಾವುದು ತಿಳಿಯಂಗಿಲ್ಲ. ಬೀದರ್ ಕೋಟಿ ಮಣ್ಣು, ನವಸಾಗರ ಅನ್ನೋ ಉಪ್ಪು ಹಚ್ಚಿದ ಕೂಡಲೇ ಜಸ್ತ ಕರ‍್ರಗಾಗ್ತದ, ಬೆಳ್ಳಿ ಹಂಗೇ ಉಳೀತದ. ಆ ಬಣ್ಣ ತಿರುಗೋ ಹೊತ್ತೇ ನಿಮ್ಮ ರೀಲು. 15 ಸೆಕೆಂಡ್ ಸಾಕು. ಮೊದಲನೇ ಸೆಕೆಂಡಿನಾಗ ಬೆಳ್ಳನ ಪಾತ್ರಿ ಕೈಯಾಗಿರಬೇಕು, ‘ನಮಸ್ಕಾರ ಫ್ರೆಂಡ್ಸ್’ ಅಲ್ಲ. ಸಿನೆಮಾ ಹಾಡು ಬ್ಯಾಡ, ಬಿಸಿನೆಸ್ ಅಕೌಂಟಿಗೆ ಭಾಳಷ್ಟು ಹಾಡು ಸಿಗಂಗೂ ಇಲ್ಲ. ಉಳಿ ಟಕ್‌ಟಕ್ ಅನ್ನೋದ ಕೇಳಿಸ್ಲಿ.

ಡಿಪಿಗೆ ಪೂರಾ ಹೂಜಿ ಹಾಕಬ್ಯಾಡ್ರಿ. ಉಗುರಿನಷ್ಟು ದುಂಡಗ ಕಾಣೋದು, ಒಂದ ಹೂವಿನ ಕೆತ್ತನೆ ಹತ್ತಿರದಿಂದ ಹಾಕ್ರಿ.

ಶಹಾಪುರ_ಲೆಕ್ಕ (ಯಾದಗಿರಿ):
ಲೈಕ್ ಎಣಿಸೋದು ಬಿಡಿ. ವೃತ್ತಿಪರ ಅಕೌಂಟ್‌ಗೆ ಬದಲಿಸಿದರೆ ಇನ್‌ಸೈಟ್ಸ್‌ನಲ್ಲಿ ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಫಾಲೋ ಮಾಡದವರು ಎಷ್ಟು ಜನ ನೋಡಿದರು ಅನ್ನೋದು ಸಿಗತ್ತೆ. ಕೊಳ್ಳೋ ಮನಸ್ಸಿರೋರು ಸೇವ್ ಮಾಡ್ತಾರೆ. ತಮ್ಮನಿಗೆ ಲೈಕ್ ನೋಡದೆ ನಿದ್ದೆ ಬರಲ್ಲ ಅನ್ನೋದಾದರೆ, ಹೊಸ ಅಕೌಂಟ್‌ನಲ್ಲಿ ಪ್ರತಿ ಪೋಸ್ಟ್‌ನ ಆಯ್ಕೆಗಳಲ್ಲಿ ಲೈಕ್ ಸಂಖ್ಯೆ ಮುಚ್ಚಿಡಿ.

‘ರೇಟ್‌ಗೆ ಡಿಎಂ ಮಾಡಿ’ ಅನ್ನೋದೂ ಬೇಡ. ಕೇಳಕ್ಕೆ ಸಂಕೋಚಪಟ್ಟು ಅರ್ಧ ಜನ ಹೋಗಿಬಿಡ್ತಾರೆ. ಎತ್ತರ, ತೂಕ, ಬೆಲೆ ಕ್ಯಾಪ್ಶನ್‌ನಲ್ಲೇ ಬರೀರಿ.

ಇನ್ನೊಂದು. ವಾಟ್ಸಾಪ್ ಡಿಪಿ ‘ನನ್ನ ಸಂಪರ್ಕಗಳು’ ಅಂತ ಇದೆಯಾ ನೋಡಿ. ಇದ್ದರೆ ಹೊಸ ಗಿರಾಕಿಗೆ ಬೂದು ಬಣ್ಣದ ಖಾಲಿ ಗೊಂಬೆ ಕಾಣತ್ತೆ, ಮುಂಗಡ ಹಣ ಹಾಕಕ್ಕೆ ಹೆದರ್ತಾರೆ. ಅಂಗಡಿ ನಂಬರಿಗೆ ‘ಎಲ್ಲರೂ’ ಇರಲಿ.

ಚಿದ್ರಿ_ಅಕ್ಕ:
ತಮ್ಮ ಒಪ್ಯಾನ. ಕಿರೀಟ ಒಂದರ ಇಡ್ಲೇನು ಅಂತ ಕೇಳ್ಲಿಕತ್ಯಾನ.

ಕರಿಮಣ್ಣು:
ಬೆಳ್ಳಿ ತಂತಿಲೆ ಹೂಜಿ ಮ್ಯಾಲ ಕೆತ್ತಿದ್ರ ಇಡ್ಲಿ.