1950ರ ದಶಕದ ಕ್ರಿಸ್‌ಮಸ್ ಅಲಂಕಾರ: ಹಳೆಯದನ್ನೇ ಹುಡುಕಬೇಕಾ, ಹೊಸದಾಗಿ ಮಾಡಿದ್ದು ಸಾಕಾ?

ಮಲೆನಾಡಿನ ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಮದುವೆಯಾಗಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ನಮ್ಮ ಅತ್ತೆ ಇಲ್ಲಿಯವರೇ, 1950ರ ದಶಕದಲ್ಲಿ ಬೆಳೆದವರು. ಅವರ ತಾಯಿಯ ಕಾಲದ ಕ್ರಿಸ್‌ಮಸ್ ಸಾಮಾನೆಲ್ಲ ಬೇಸ್‌ಮೆಂಟಿಗೆ ನೀರು ನುಗ್ಗಿ ಹಾಳಾಗಿ ಹೋಯಿತು. ಈ ಸಲ ಹಬ್ಬಕ್ಕೆ ನಮ್ಮ ಮನೆಗೇ ಬರುತ್ತಿದ್ದಾರೆ. ಅವರು ಚಿಕ್ಕವರಿದ್ದಾಗ ಮನೆ ಹೇಗಿತ್ತೋ ಹಾಗೆ ಒಂದು ಕೋಣೆಯನ್ನಾದರೂ ಸಿಂಗರಿಸಬೇಕು ಅಂತ ನನ್ನಾಸೆ. ಅವರು ಆಗಾಗ ನೆನೆಸಿಕೊಳ್ಳುವುದು ಇವು: ಶೈನಿ ಬ್ರೈಟ್ ಅನ್ನುವ ಬ್ರ್ಯಾಂಡಿನ ಗಾಜಿನ ಗುಂಡುಗಳು, ಅಲ್ಯೂಮಿನಿಯಂ ಮರ, ಗುಳ್ಳೆ ಏಳುವ ದೀಪಗಳು, ಕೊಂಬೆಯಿಂದ ಇಳಿಬಿಟ್ಟ ಬೆಳ್ಳಿ ಎಳೆಗಳು. ಅಂಗಡಿಗಳಲ್ಲಿ ಇವೆಲ್ಲ ಹಳೇ ಮಾದರಿಯಲ್ಲಿ ಹೊಸದಾಗಿ ಮಾಡಿದ್ದು ಸಿಗುತ್ತವೆ. ಅದನ್ನೇ ಕೊಳ್ಳಲಾ, ಅಥವಾ ನಿಜವಾದ ಹಳೆಯದನ್ನು ಹುಡುಕಲಾ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಒಂದು ಬೆಕ್ಕೂ ಇದೆ.

ಹಳೇ ಪೆಟ್ಟಿಗೆ (ಒಹಾಯೊ):
ಗಾಜಿನ ಗುಂಡು ಹಳೆಯದನ್ನೇ ತೆಗೆದುಕೊಳ್ಳಿ, ಎರಡು ಮಾತಿಲ್ಲ. ಹಳೆಯದು ಅಂದರೆ ಅಪರೂಪ, ದುಬಾರಿ ಅಂತ ಜನ ಅಂದುಕೊಳ್ಳುತ್ತಾರೆ. ಶೈನಿ ಬ್ರೈಟ್ ವಿಷಯದಲ್ಲಿ ಅದು ಉಲ್ಟಾ. ಮ್ಯಾಕ್ಸ್ ಎಕಾರ್ಟ್ ಅನ್ನುವ ವ್ಯಾಪಾರಿ ಮೊದಲು ಜರ್ಮನಿಯಿಂದ ಗಾಜಿನ ಗುಂಡು ತರಿಸುತ್ತಿದ್ದರು. ಯುದ್ಧ ಬಂದರೆ ಮಾಲು ನಿಂತುಹೋಗುತ್ತದೆ ಅಂತ ಮೊದಲೇ ಅಂದಾಜು ಮಾಡಿ ಕಾರ್ನಿಂಗ್ ಗ್ಲಾಸ್ ಕಂಪನಿಯ ಜೊತೆ ಮಾತಾಡಿದರು. ಕಾರ್ನಿಂಗ್‌ನವರ ಹತ್ತಿರ ಕರೆಂಟ್ ಬಲ್ಬಿನ ಗಾಜು ಊದುವ ಯಂತ್ರ ಇತ್ತು, ಅದರಲ್ಲೇ 1939ರಲ್ಲಿ ಗುಂಡು ಊದಲು ಶುರು ಮಾಡಿದರು. ವುಲ್‌ವರ್ತ್ ಅಂಗಡಿಗಳಲ್ಲಿ ಕೆಲವೇ ಸೆಂಟ್‌ಗೆ ಮಾರಿದ ಸಾಮಾನು ಇದು, ಲಕ್ಷಗಟ್ಟಲೆ ಮಾಡಿದ್ದು, ಹಾಗಾಗಿ ಇವತ್ತಿಗೂ ಯಾರದೋ ಮನೆ ಖಾಲಿ ಮಾಡುವಾಗ ನಡೆಯುವ ಎಸ್ಟೇಟ್ ಸೇಲ್‌ನಲ್ಲಿ ಪೆಟ್ಟಿಗೆ ಸಮೇತ ಸಿಗುತ್ತದೆ. ರೀಪ್ರೊ, ಅಂದರೆ ಹಳೇ ಮಾದರಿಯಲ್ಲಿ ಹೊಸದಾಗಿ ಮಾಡಿದ್ದರ ಪೆಟ್ಟಿಗೆಗೆ ಕೊಡುವ ದುಡ್ಡಿಗಿಂತ ಎಷ್ಟೋ ಸಲ ಕಡಿಮೆಗೇ.

ಕರೆಂಟ್ ಕಥೆ (ಬೆಂಗಳೂರು):
ಗಾಜಿನ ಮಾತು ಒಪ್ಪುತ್ತೇನೆ. ದೀಪದ ವಿಷಯದಲ್ಲಿ ಮಾತ್ರ ಹಳೆಯದರ ಹತ್ತಿರ ಹೋಗಬೇಡಿ. ನನ್ನ ಕೆಲಸವೇ ವೈರಿಂಗ್, ಅದಕ್ಕೇ ಹೇಳುತ್ತಿದ್ದೇನೆ. ಆ ಕಾಲದ ಸರಗಳ ಇನ್ಸುಲೇಷನ್ ಒಣಗಿ ಬಿರುಕು ಬಿಟ್ಟಿರುತ್ತದೆ. ಪ್ಲಗ್‌ನಲ್ಲಿ ಫ್ಯೂಸ್ ಇರುವುದಿಲ್ಲ. ಇನ್ನು ಬಿಸಿ. ದೊಡ್ಡ ಸಿ-9 ಬಲ್ಬ್ ಒಂದೊಂದು 7 ವ್ಯಾಟ್. 25 ಬಲ್ಬಿನ ಸರ ಅಂದರೆ 175 ವ್ಯಾಟ್, ಅಷ್ಟೂ ಶಾಖ ಒಣಗುತ್ತಿರುವ ಮರದ ಮೇಲೆ. ಈಗ ಅದೇ ಆಕಾರದ, ಅದೇ ಬಣ್ಣದ ಎಲ್‌ಇಡಿ ಬಲ್ಬ್ ಸಿಗುತ್ತದೆ. ಪ್ಲಾಸ್ಟಿಕ್ಕಿನದು ಬೇಡ ಅಂದರೆ ಗಾಜಿನದೇ ಇದೆ. ಮಗು ಮುಟ್ಟಿದರೂ ಕೈ ಸುಡುವುದಿಲ್ಲ.

ಹಳೇ ಪೆಟ್ಟಿಗೆ:
ನಾನು ಹಳೇ ಸಾಕೆಟ್‌ಗೆ ಹೊಸ ವೈರ್ ಹಾಕಿಸಿ ಇಂದಿಗೂ ಉರಿಸುತ್ತೇನೆ. ಎಲ್‌ಇಡಿ ಎಷ್ಟೇ ಚೆನ್ನಾಗಿದ್ದರೂ ಆ ಮೆತ್ತಗಿನ ಬೆಳಕು ಬರುವುದಿಲ್ಲ ಸರ್.

ಕರೆಂಟ್ ಕಥೆ:
ನಿಮಗೆ ವೈರ್ ಬದಲಾಯಿಸಲು ಬರುತ್ತದೆ, ಪಕ್ಕದಲ್ಲಿ ಕೂತು ಕಾಯುತ್ತೀರಿ. ಎರಡು ವರ್ಷದ ಮಗು ಇರುವ ಮನೆಗೆ ಅದೇ ಸಲಹೆ ಕೊಡುತ್ತೀರಾ? ಇನ್ನೊಂದು ವಿಷಯ ಅಕ್ಕಾ. ಗುಳ್ಳೆ ದೀಪದ ಕೊಳವೆಯಲ್ಲಿ ಇರುವುದು ನೀರಲ್ಲ. ಮೀಥಿಲೀನ್ ಕ್ಲೋರೈಡ್ ಅನ್ನುವ ದ್ರವ. ಅದು ಸುಮಾರು 40 ಡಿಗ್ರಿಗೇ ಕುದಿಯುತ್ತದೆ, ಅದಕ್ಕೇ ಕೆಳಗಿನ ಚಿಕ್ಕ ಬಲ್ಬಿನ ಬಿಸಿ ಸಾಕಾಗುತ್ತದೆ. ಕೊಳವೆ ಒಡೆದರೆ ಆ ಹಬೆ ಮಗುವಿಗೆ ಒಳ್ಳೆಯದಲ್ಲ. ಹೊಸದರಲ್ಲೂ ಅದೇ ದ್ರವ ಇರಬಹುದು, ಅದಕ್ಕೆ ಕೈಗೆ ಎಟುಕದ ಎತ್ತರದಲ್ಲಿ ಹಾಕಿ.

ಥುರಿಂಗಿಯಾದಿಂದ (ಜರ್ಮನಿ):
ಹಳೆಯದು, ಹೊಸದು ಅಂತ ಎರಡೇ ಗುಂಪು ಮಾಡುತ್ತಿದ್ದೀರಿ. ಮೂರನೆಯದೂ ಇದೆ. ನಾನಿರುವ ಊರಿಂದ ಲೌಷಾ ದೂರವಿಲ್ಲ. 1597ರಿಂದ ಗಾಜಿನ ಕೆಲಸ ನಡೆಯುತ್ತಿರುವ ಬೆಟ್ಟದೂರು ಅದು. ಕ್ರಿಸ್‌ಮಸ್ ಮರದ ಗಾಜಿನ ಗುಂಡು ಹುಟ್ಟಿದ್ದು ಅಲ್ಲೇ. ಗಾಜಿನ ಕೊಳವೆಯನ್ನು ಬೆಂಕಿಗೆ ಹಿಡಿದು, ಅಚ್ಚಿನೊಳಗೆ ಊದಿ, ಒಳಗೆ ಸಿಲ್ವರ್ ನೈಟ್ರೇಟ್ ದ್ರಾವಣ ಸುತ್ತಿಸಿ ಬೆಳ್ಳಿ ಹಿಡಿಸುತ್ತಾರೆ. ಆಮೇಲೆ ಹೊರಗಡೆ ಕೈಯಿಂದ ಬಣ್ಣ. ಕೆಲವು ಮನೆತನಗಳು ಅಜ್ಜನ ಕಾಲದ ಅಚ್ಚುಗಳನ್ನೇ ಇವತ್ತೂ ಬಳಸುತ್ತವೆ. ಅಚ್ಚು ಹಳೆಯದು, ಊದುವ ಕ್ರಮ ಹಳೆಯದು, ಗುಂಡು ಮಾತ್ರ ಹೋದ ವಾರದ್ದು. ಇದನ್ನು ನಕಲು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕೊಳ್ಳುವುದಾದರೆ ಇಂಥದ್ದನ್ನು ಕೊಳ್ಳಿ, ಕೆಲಸ ಗೊತ್ತಿರುವ ಕೈಗಳು ಉಳಿಯುತ್ತವೆ.

ಕುಡ್ಲದವಳು (ಮಂಗಳೂರು):
ಇದು ನನ್ನ ಮನಸ್ಸಿನ ಮಾತು. ನಮ್ಮಲ್ಲೂ ಇದೇ ಪ್ರಶ್ನೆ ಇದೆ. ಈಗ ಡಿಸೆಂಬರ್ ಬಂತೆಂದರೆ ಎಲ್ಲ ಕಡೆ ಮಡಚುವ ರಟ್ಟಿನ ನಕ್ಷತ್ರ, ಪ್ಲಾಸ್ಟಿಕ್ ನಕ್ಷತ್ರ. ನಮ್ಮ ತಂದೆ ಬಿದಿರು ಸೀಳಿ, ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ನಡುವೆ ಅಡ್ಡ ಕಡ್ಡಿ ಕೊಟ್ಟು ಉಬ್ಬಿಸಿ, ಮೈದಾ ಅಂಟಿನಲ್ಲಿ ಗಾಳಿಪಟದ ಕಾಗದ ಹಚ್ಚುತ್ತಿದ್ದರು. ಈಗ ನಾನು ಮಕ್ಕಳ ಜೊತೆ ಕೂತು ಅದನ್ನೇ ಮಾಡುತ್ತೇನೆ. ಒಳಗಿನ ಬಲ್ಬ್ ಮಾತ್ರ ಎಲ್‌ಇಡಿ, ಮೊದಲು ಬಲ್ಬಿನ ಬಿಸಿಗೆ ಕಾಗದ ಕಪ್ಪಾಗುತ್ತಿತ್ತು. ಗೋದಲಿಯ ಮುಂದೆ ಇಡುವ ಪೈರನ್ನೂ ಮನೆಯಲ್ಲೇ ಮೊಳಕೆ ಬರಿಸುತ್ತೇವೆ. ಕೊಂಡು ತಂದ ಹಳೇತನಕ್ಕಿಂತ ಕೈಯಾರೆ ಮಾಡಿದ್ದು ಮೇಲು ಅಂತ ನನ್ನ ಅಭಿಪ್ರಾಯ.

ಹಳೇ ಪೆಟ್ಟಿಗೆ:
ನಿಮ್ಮ ಮನೆಗೆ ಅದು ಸರಿ. ಆದರೆ ವಿಸ್ಕಾನ್ಸಿನ್‌ನ ಅಜ್ಜಿಗೆ ಬಿದಿರಿನ ನಕ್ಷತ್ರ ಯಾವ ನೆನಪು ತರುತ್ತದೆ ಹೇಳಿ? ಅವರು ಕೇಳುತ್ತಿರುವುದು ಅವರ ಬಾಲ್ಯ.

ಕುಡ್ಲದವಳು:
ಮರದ ಮೇಲೆ ಅವರ ಬಾಲ್ಯ ಇರಲಿ. ಬಾಗಿಲ ಹೊರಗೆ ಒಂದು ನಕ್ಷತ್ರ ತೂಗಿದರೆ ಏನು ತೊಂದರೆ? ಆ ಮನೆಯಲ್ಲಿ ಎರಡು ವರ್ಷದ ಹುಡುಗಿಯೂ ಇದ್ದಾಳೆ. ಅವಳಿಗೂ ಮುಂದೆ ಏನಾದರೂ ನೆನಪಿರಬೇಕಲ್ಲ.

ಸಾದಾ ಮನೆ (ಹುಬ್ಬಳ್ಳಿ):
ನನಗೆ ಇಡೀ ಯೋಚನೆಯೇ ಸರಿ ಕಾಣುವುದಿಲ್ಲ. ಹೊಸ ಸಾಮಾನಿಗೆ ಹಳೇ ಬಣ್ಣ ಬಳಿದು, ಬೇಕಂತಲೇ ಗೀರು ಹಾಕಿ ಮಾರುತ್ತಾರೆ, ಜನ ಕೊಂಡು ಎರಡು ವರ್ಷ ಇಟ್ಟು ಎಸೆಯುತ್ತಾರೆ. ಅತ್ತೆಯ ಹತ್ತಿರ ಕೂತು ಹಳೇ ಫೋಟೊ ನೋಡಿ, ಅವರು ಹೇಳುವುದನ್ನು ಕೇಳಿ. ಅಷ್ಟು ಸಾಕಲ್ವಾ?

ಮಲೆನಾಡಿನ ಮಗಳು:
ಸರ್, ಫೋಟೊ ಉಳಿದಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ಅವೂ ಅದೇ ನೀರಿನಲ್ಲಿ ಹೋದವು. ಅದಕ್ಕೇ ಸಾಮಾನಿನ ಮೂಲಕವಾದರೂ ಏನಾದರೂ ಮಾಡಬೇಕು ಅನ್ನಿಸುತ್ತಿದೆ.

ಕರೆಂಟ್ ಕಥೆ:
ಅಕ್ಕಾ, ನಿಮ್ಮ ಪಟ್ಟಿ ಮತ್ತೆ ಓದಿದೆ. ಒಂದು ಅನುಮಾನ. ಅಲ್ಯೂಮಿನಿಯಂ ಮರದ ಮೇಲೆ ಗುಳ್ಳೆ ದೀಪ ಇರಲು ಸಾಧ್ಯವೇ ಇಲ್ಲ. ಅಲ್ಯೂಮಿನಿಯಂ ಮರಕ್ಕೆ ಕರೆಂಟ್ ದೀಪ ಸುತ್ತಬಾರದು, ವೈರ್ ಎಲ್ಲಾದರೂ ಸೀಳಿದ್ದರೆ ಇಡೀ ಮರಕ್ಕೇ ಕರೆಂಟ್ ಹರಿಯುತ್ತದೆ. ಅದಕ್ಕೇ ಆಗ ನೆಲದ ಮೇಲೆ ಬಣ್ಣದ ಚಕ್ರ ತಿರುಗುವ ಒಂದು ದೀಪ ಇಟ್ಟು ಮರದ ಮೇಲೆ ಬೆಳಕು ಬಿಡುತ್ತಿದ್ದರು.

ಹಳೇ ಪೆಟ್ಟಿಗೆ:
ಒಳ್ಳೇ ಮಾತು ಹೇಳಿದಿರಿ. ಕಾಲವೂ ಬೇರೆ. ಗುಳ್ಳೆ ದೀಪವನ್ನು ನೋಮಾ ಕಂಪನಿ 1946ರಲ್ಲಿ ಮಾರುಕಟ್ಟೆಗೆ ತಂದಿತು. ಎವರ್‌ಗ್ಲೀಮ್ ಅನ್ನುವ ಬ್ರ್ಯಾಂಡಿನ ಅಲ್ಯೂಮಿನಿಯಂ ಮರ ಬಂದಿದ್ದು 1959ರಲ್ಲಿ, ಅದೂ ನಿಮ್ಮ ವಿಸ್ಕಾನ್ಸಿನ್‌ನ ಮ್ಯಾನಿಟೊವಾಕ್ ಊರಿನ ಕಾರ್ಖಾನೆಯಿಂದ. ಹಾಗಾಗಿ ಅತ್ತೆಯವರ ನೆನಪಿನಲ್ಲಿ ಎರಡು ಬೇರೆ ಬೇರೆ ಮರ ಇವೆ, ಬಹುಶಃ ಎರಡು ಬೇರೆ ಮನೆಗಳು. ಈಗಿನ ಅಂಗಡಿಗಳು ‘ರೆಟ್ರೊ’ ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು ಮಾರುತ್ತವೆ. ಅದನ್ನು ನೋಡಿ ಕೊಂಡರೆ ಯಾವ ಮನೆಯಲ್ಲೂ ಇಲ್ಲದ ಒಂದು ಕ್ರಿಸ್‌ಮಸ್ ತಯಾರಾಗುತ್ತದೆ. ಮೊದಲು ಅವರನ್ನು ಕೇಳಿ: ಯಾರ ಮನೆ, ಯಾವ ವರ್ಷ, ಮರ ಯಾವ ಕೋಣೆಯಲ್ಲಿತ್ತು, ಯಾರು ಸಿಂಗರಿಸುತ್ತಿದ್ದರು. ಆಮೇಲೆ ದುಡ್ಡು ಬಿಚ್ಚಿ.

ಮಲೆನಾಡಿನ ಮಗಳು:
ಈಗಷ್ಟೇ ಫೋನ್ ಮಾಡಿ ಕೇಳಿದೆ. ನೀವು ಹೇಳಿದ್ದು ನಿಜ. ಅಲ್ಯೂಮಿನಿಯಂ ಮರ ಅವರ ಚಿಕ್ಕಮ್ಮನ ಮನೆಯದ್ದಂತೆ, ಅವರಿಗೆ ಅದು ಅಷ್ಟೇನೂ ಇಷ್ಟವಿರಲಿಲ್ಲವಂತೆ! ಅವರ ಮನೆಯಲ್ಲಿ ಇದ್ದದ್ದು ಹಸಿರು ಮರ, ತೋಟದಿಂದ ಕಡಿದು ತಂದದ್ದು. ಗುಳ್ಳೆ ದೀಪ, ಬೆಳ್ಳಿ ಎಳೆ ಅದರ ಮೇಲೆ. ಗಾಜಿನ ಗುಂಡಿನ ಬಗ್ಗೆ ಒಂದು ವಿಚಿತ್ರ ಹೇಳಿದರು. ಕೆಲವು ಗುಂಡುಗಳಿಗೆ ಒಳಗೆ ಬೆಳ್ಳಿಯೇ ಇರಲಿಲ್ಲ, ಆಚೆ ಕಡೆ ಕಾಣುತ್ತಿತ್ತು, ಮೇಲೆ ಪಟ್ಟೆ ಮಾತ್ರ, ತಲೆಯ ಕ್ಯಾಪ್ ಕಾಗದದ್ದು ಅಂತ. ಹಾಗೆ ಇರುತ್ತಾ?

ಹಳೇ ಪೆಟ್ಟಿಗೆ:
ಇರುತ್ತದೆ! ಅದು ಯುದ್ಧದ ಕಾಲದ ಶೈನಿ ಬ್ರೈಟ್. ಲೋಹ ಸಿಗುತ್ತಿರಲಿಲ್ಲ, ಹಾಗಾಗಿ ಒಳಗಿನ ಬೆಳ್ಳಿ ಹೋಯಿತು, ಕ್ಯಾಪ್ ರಟ್ಟಿನದಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಲೋಹದ ಕ್ಯಾಪ್ ಬಂತು. ಅವರ ತಾಯಿ ಆ ಹಳೇ ಗುಂಡುಗಳನ್ನು ಎಸೆಯದೆ ಇಟ್ಟುಕೊಂಡಿದ್ದರು ಅಂತ ಆಯಿತು. ಅಂಗಡಿಯ ಹೊಸ ಪೆಟ್ಟಿಗೆಗಳಲ್ಲಿ ಇರುವುದು ಫಳಫಳ ಹೊಳೆಯುವವೇ. ನಿಮಗೆ ಬೇಕಾದ್ದು ಆ ಪಾರದರ್ಶಕ ಪಟ್ಟೆ ಗುಂಡು. ಎಟ್ಸಿ, ಈಬೇ ಅನ್ನುವ ಆನ್‌ಲೈನ್ ಮಾರಾಟ ತಾಣಗಳಲ್ಲಿ ಬಿಡಿಬಿಡಿಯಾಗಿ ಹುಡುಕಿ, ಹತ್ತಿರದ ಎಸ್ಟೇಟ್ ಸೇಲ್‌ಗಳಿಗೂ ಹೋಗಿ. ನಾಲ್ಕು ಸಿಕ್ಕಿದರೂ ಸಾಕು, ಉಳಿದದ್ದಕ್ಕೆ ರೀಪ್ರೊ ಹಾಕಿ.

ಥುರಿಂಗಿಯಾದಿಂದ:
ಹಳೆಯದು ಅಂತ ಹೇಳಿ ಹೊಸದನ್ನು ಮಾರುವವರಿದ್ದಾರೆ, ಹುಷಾರು. ಕೂಗೆಲ್ ಅಂತ ದಪ್ಪ ಗಾಜಿನ ಭಾರವಾದ ಜರ್ಮನ್ ಗುಂಡುಗಳಿವೆ, 19ನೇ ಶತಮಾನದ್ದು. ಅದೇ ತರಹದ್ದು ಭಾರತದಲ್ಲಿ ಹೊಸದಾಗಿ ತಯಾರಾಗಿ ಇಲ್ಲಿಗೂ ಅಮೆರಿಕಕ್ಕೂ ಬರುತ್ತದೆ. ಹೊಸದು ಅಂತಲೇ ಕೊಂಡರೆ ಅದು ಚೆಂದದ ಸಾಮಾನು, ನಾನೂ ಇಟ್ಟುಕೊಂಡಿದ್ದೇನೆ. ಮಧ್ಯದ ವ್ಯಾಪಾರಿ ಅದನ್ನು ನೂರು ವರ್ಷದ್ದು ಅಂತ ಬೆಲೆ ಏರಿಸಿ ಮಾರುವುದು ನನಗೆ ಸಿಟ್ಟು ತರಿಸುತ್ತದೆ. ಊದಿದ ಕೈಯ ಹೆಸರೂ ಅಳಿಸಿಹೋಗುತ್ತದೆ, ಕೊಂಡವನಿಗೂ ಮೋಸ.

ಸಾದಾ ಮನೆ:
ಈ ಮಾತು ನನಗೆ ಹಿಡಿಸಿತು. ಮಾರುವವನು ಇದು ಈ ವರ್ಷ ಮಾಡಿದ್ದು, ಇಂಥ ಊರಿನದ್ದು ಅಂತ ನೇರವಾಗಿ ಹೇಳಿದರೆ ನನ್ನ ಅರ್ಧ ತಕರಾರು ಹೋಯಿತು. ಫಿರೋಜಾಬಾದ್‌ನವರು ಬಳೆ ಮಾತ್ರ ಮಾಡುತ್ತಾರೆ ಅಂದುಕೊಂಡವರೇ ಜಾಸ್ತಿ. ಅಲ್ಲಿಂದ ಕ್ರಿಸ್‌ಮಸ್ ಗಾಜಿನ ಸಾಮಾನೂ ಹೊರದೇಶಕ್ಕೆ ಹೋಗುತ್ತದೆ. ಊರಿನ ಹೆಸರು ಪೆಟ್ಟಿಗೆ ಮೇಲೆ ದೊಡ್ಡದಾಗಿ ಇರಬೇಕು.

ಕುಡ್ಲದವಳು:
ಮಧ್ಯೆ ಒಂದು ಸಣ್ಣ ಪ್ರಶ್ನೆ. ನನ್ನ ತಮ್ಮ ಅಮೆರಿಕದಿಂದ ಬರುವಾಗ ಗುಳ್ಳೆ ದೀಪದ ಸರ ತರುತ್ತೇನೆ ಅನ್ನುತ್ತಿದ್ದಾನೆ. ಇಲ್ಲಿ ಉರಿಯುತ್ತದಾ?

ಕರೆಂಟ್ ಕಥೆ:
ನೇರವಾಗಿ ಹಾಕಲೇಬೇಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಹಾಕಿದ ತಕ್ಷಣ ಬಲ್ಬ್ ಹೋಗುತ್ತದೆ, ಬೆಂಕಿಯ ಭಯವೂ ಇದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಸರದ ವ್ಯಾಟ್‌ಗಿಂತ ಜಾಸ್ತಿ ತಾಳುವಂಥದ್ದು. ಪಿನ್ ಬದಲಾಯಿಸುವ ಅಡಾಪ್ಟರ್ ವೋಲ್ಟ್ ಇಳಿಸುವುದಿಲ್ಲ, ಇದನ್ನು ತಮ್ಮನಿಗೂ ಹೇಳಿ.

ಮಲೆನಾಡಿನ ಮಗಳು:
ಹಾಗಾದರೆ ಗುಳ್ಳೆ ದೀಪ ಹೊಸದು, ಮೇಲಿನ ಕೊಂಬೆಗಳಿಗೆ. ಗುಂಡು ಆದಷ್ಟು ಹಳೆಯದು. ಈಗ ಬೆಳ್ಳಿ ಎಳೆ. ಅತ್ತೆಗೆ ಅದೇ ಎಲ್ಲಕ್ಕಿಂತ ಪ್ರೀತಿ. ಅವರ ತಂದೆ ಒಂದೊಂದೇ ಎಳೆ ನೇರವಾಗಿ ತೂಗುಹಾಕಿಸುತ್ತಿದ್ದರಂತೆ, ಮಕ್ಕಳು ಗೊಂಚಲಾಗಿ ಎಸೆದರೆ ಬೈಯುತ್ತಿದ್ದರಂತೆ.

ಹಳೇ ಪೆಟ್ಟಿಗೆ:
ಅಷ್ಟು ನೇರವಾಗಿ ಇಳಿಯುತ್ತಿದ್ದದ್ದು ಅದು ಸೀಸದ್ದಾಗಿದ್ದರಿಂದ. ಭಾರಕ್ಕೆ ಕೆಳಗೆ ಎಳೆಯುತ್ತಿತ್ತು. ಮಕ್ಕಳಿಗೆ ಸೀಸದ ವಿಷ ತಗಲುತ್ತದೆ ಅಂತ ಅಮೆರಿಕದಲ್ಲಿ 1972ರ ಸುಮಾರಿಗೆ ಅದನ್ನು ಮಾಡುವುದು, ತರಿಸುವುದು ನಿಂತಿತು. ಹಳೇ ಪೊಟ್ಟಣ ಈಗಲೂ ಮಾರಾಟಕ್ಕೆ ಬರುತ್ತದೆ. ನಾನು ಹಳೆಯದರ ಪರ ಇಷ್ಟು ಮಾತಾಡಿದವನು, ಆದರೂ ಇದನ್ನು ಮಾತ್ರ ನಿಮ್ಮ ಮನೆಗೆ ತರಬೇಡಿ ಅನ್ನುತ್ತೇನೆ. ಹಾಗೇ ಹಳೇ ಪೆಟ್ಟಿಗೆಯಲ್ಲಿ ಬಿಳಿ ‘ಹಿಮ’ದ ಪುಡಿ ಸಿಕ್ಕಿದರೆ ಮುಟ್ಟಬೇಡಿ, 1930, 40ರ ದಶಕದಲ್ಲಿ ಆಸ್ಬೆಸ್ಟಾಸನ್ನು ಹಿಮ ಅಂತ ಮಾರುತ್ತಿದ್ದರು. ಹಳೇ ಗುಂಡಿನ ಬಣ್ಣದಲ್ಲೂ ಸೀಸ ಇರಬಹುದು, ಮಗುವಿನ ಬಾಯಿಗೆ ಸಿಗದಂತೆ ಮೇಲೆ ತೂಗಿ.

ಕರೆಂಟ್ ಕಥೆ:
ಹೊಸ ಎಳೆ ಪ್ಲಾಸ್ಟಿಕ್ಕಿನದು, ವಿಷ ಇಲ್ಲ. ಆದರೆ ಬೆಕ್ಕಿಗೆ ಅದು ತುಂಬ ಅಪಾಯ. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್‌ವರೆಗೆ ಹೋಗುತ್ತದೆ.

ಹಳೇ ಪೆಟ್ಟಿಗೆ:
ಮೇಲಿನ ಅರ್ಧಕ್ಕೆ ಮಾತ್ರ ಹಾಕಬಹುದಲ್ಲ?

ಕರೆಂಟ್ ಕಥೆ:
ಬೆಕ್ಕು ಮರ ಹತ್ತುವುದಿಲ್ಲ ಅಂತ ನೀವು ಬರೆದುಕೊಡುತ್ತೀರಾ? ಎಳೆ ಉದುರಿ ಕೆಳಗೂ ಬೀಳುತ್ತದೆ.

ಥುರಿಂಗಿಯಾದಿಂದ:
ಬೆಳ್ಳಿ ಬಣ್ಣದ ಗಾಜಿನ ಮಣಿಸರ ನೋಡಿ. ಅದೂ ಆ ಕಾಲದ್ದೇ, ಜಪಾನಿನಿಂದ, ಜೆಕ್ ಕಡೆಯಿಂದ ಬರುತ್ತಿತ್ತು. ಹೊಸದಾಗಿ ಈಗಲೂ ಮಾಡುತ್ತಾರೆ. ದೀಪದ ಬೆಳಕಿಗೆ ಎಳೆಗಳಂತೆಯೇ ಮಿನುಗುತ್ತದೆ.

ಮಲೆನಾಡಿನ ಮಗಳು:
ಮಣಿಸರ ಹಾಕುತ್ತೇನೆ. ಎಳೆಗಳನ್ನು ಒಂದು ಗಾಜಿನ ಚೌಕಟ್ಟಿನೊಳಗೆ ಇಟ್ಟು ಗೋಡೆಗೆ ತೂಗುಹಾಕಬಹುದೇನೋ ಅಂತ ಯಜಮಾನರು ಹೇಳುತ್ತಿದ್ದಾರೆ, ಅತ್ತೆಯನ್ನು ಕೇಳಿ ನೋಡುತ್ತೇನೆ. ಕುಡ್ಲದ ಅಕ್ಕಾ, ಬಿದಿರಿನ ಚೌಕಟ್ಟಿನ ಅಳತೆ ಕಳಿಸುತ್ತೀರಾ? ಇಲ್ಲಿ ಬಿದಿರು ಗಿಡಗಳ ಅಂಗಡಿಯಲ್ಲಿ ಸಿಗುತ್ತದೆ.

ಹಳೇ ಪೆಟ್ಟಿಗೆ:
ಹಳೇ ಗುಂಡು ಸಿಕ್ಕಿದಾಗ ನೀರಿನಲ್ಲಿ ತೊಳೆಯಬೇಡಿ, ಬಣ್ಣ ಎದ್ದು ಬರುತ್ತದೆ, ಒಳಗೆ ತೇವ ಹೋದರೆ ಬೆಳ್ಳಿ ಕಪ್ಪಾಗುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು. ಹಬ್ಬ ಮುಗಿದ ಮೇಲೆ ಬೇಸ್‌ಮೆಂಟ್ ಬೇಡ, ಅಟ್ಟವೂ ಬೇಡ. ಮನೆಯೊಳಗಿನ ಬೀರುವಿನಲ್ಲಿ ಇಡಿ.

ಕುಡ್ಲದವಳು:
ಕಳಿಸುತ್ತೇನೆ ತಂಗಿ. ಮೊದಲು ಕಡ್ಡಿ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಆಮೇಲೆ ಬಗ್ಗಿಸಿ. ಇಲ್ಲದಿದ್ದರೆ ಮೂಲೆಯಲ್ಲಿ ಮುರಿಯುತ್ತದೆ.